ಇಬ್ಬರೂ ಒಪ್ಪಿದ ಮೇಲೂ ಸಿಗದ ಒಂದು ತಾರೀಖು

ಜಗಳವೆಲ್ಲ ಮುಗಿದಿತ್ತು. ಬೇರೆಯಾಗಲು ಇಬ್ಬರೂ ಒಪ್ಪಿದ್ದೆವು. ಇನ್ನೇನು, ಒಂದು ಅರ್ಜಿಗೆ ಸಹಿ ಹಾಕಿದರೆ ಮುಗೀತು ಅಂದುಕೊಂಡು ವಕೀಲರ ಹತ್ತಿರ ಹೋದೆವು. ಅವರ ಮೊದಲ ಪ್ರಶ್ನೆಗೇ ಎಡವಿದೆವು.

"ಯಾವತ್ತಿಂದ ಬೇರೆ ಇದ್ದೀರಿ?"

ನಾನು ಯುಗಾದಿ ಆದಮೇಲಿಂದ ಅಂದೆ. ನನ್ನ ಗಂಡ ಆಷಾಢದಲ್ಲಿ ಅಂದರು. ವಕೀಲರು ಪೆನ್ನು ಕೆಳಗಿಟ್ಟರು. "ನೋಡಿ ಮೇಡಂ, ಮೊದಲು ಇಬ್ಬರೂ ಕೂತು ಇದನ್ನು ತೀರ್ಮಾನ ಮಾಡ್ಕೊಂಡು ಬನ್ನಿ. ಕೋರ್ಟಲ್ಲಿ ಹೀಗೆ ಹೇಳಿದ್ರೆ ಆಗಲ್ಲ."

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಗಂಡ ಹೆಂಡತಿ ಸೇರಿ ವಿಚ್ಛೇದನಕ್ಕೆ ಹಾಕುವ ಜಂಟಿ ಅರ್ಜಿ ನಮ್ಮದು. ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ ಒಂದು ವರ್ಷದಿಂದ ಬೇರೆ ಬದುಕಿರಬೇಕು ಅನ್ನುತ್ತದೆ ಅದು. ನಾವು ವಕೀಲರ ಮುಂದೆ ಕೂತಿದ್ದು ಮೇ ತಿಂಗಳಲ್ಲಿ. ನನ್ನ ಲೆಕ್ಕದಲ್ಲಿ ವರ್ಷ ತುಂಬಿತ್ತು, ಅವರ ಲೆಕ್ಕದಲ್ಲಿ ಇನ್ನೂ ಇಲ್ಲ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಾನು ಬೇರೆ ಕೋಣೆಯಲ್ಲಿ ಮಲಗಲು ಶುರು ಮಾಡಿದ ದಿನದಿಂದ ಎಣಿಸಿದ್ದೆ. ಅವರು ಬಾಡಿಗೆ ಮನೆಗೆ ಹೋದ ದಿನದಿಂದ. ತಮಾಷೆ ಅಂದ್ರೆ ಕಾನೂನಿನ ಪ್ರಕಾರ ನನ್ನ ಲೆಕ್ಕವೂ ತಪ್ಪಲ್ಲವಂತೆ. 'ಬೇರೆ ಬದುಕುವುದು' ಅಂದರೆ ಗಂಡ ಹೆಂಡತಿಯಾಗಿ ಬದುಕದಿರುವುದು, ಒಂದೇ ಸೂರಿನಡಿ ಇದ್ದುಕೊಂಡೂ ಬೇರೆ ಇರಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ, ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಆದರೆ ಮಲಗುವ ಕೋಣೆ ಬದಲಿಸಿದ್ದಕ್ಕೆ ರಸೀದಿ ಎಲ್ಲಿಂದ ತರೋದು? ಬಾಡಿಗೆ ಮನೆಗೆ ಕರಾರು ಪತ್ರ ಇತ್ತು. ಅಡ್ವಾನ್ಸ್ ಕೊಟ್ಟಿದ್ದು ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಇತ್ತು. ಸಾಮಾನು ಸಾಗಿಸಿದ ಗಾಡಿಯವನ ಬಿಲ್ ಕೂಡ ಮೊಬೈಲಲ್ಲಿ ಸಿಕ್ಕಿತು. ಅವರ ತಾರೀಖನ್ನೇ ಒಪ್ಪಿಕೊಂಡು ಎರಡು ತಿಂಗಳು ಕಾದೆವು. ನನಗೆ ಒಳಗೊಳಗೇ ಸಿಟ್ಟಿತ್ತು. ಯುಗಾದಿಯಿಂದ ಆಷಾಢದವರೆಗಿನ ಆ ಮೂರು ತಿಂಗಳು ಲೆಕ್ಕಕ್ಕೇ ಇಲ್ಲವಾ ಅಂತ.

ಈ ತಾರೀಖಿಗೆ ಇನ್ನೊಂದು ಉಪಯೋಗವಿದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಸುಪ್ರೀಂ ಕೋರ್ಟಿನ 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ ಆ ಆರು ತಿಂಗಳನ್ನು ಮನ್ನಾ ಮಾಡುವಂತೆ ಕೋರ್ಟನ್ನು ಕೇಳಬಹುದು. ಆದರೆ ಅದಕ್ಕೆ ಸಾಮಾನ್ಯವಾಗಿ ಅರ್ಜಿ ಹಾಕುವ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು. ಜೊತೆಗೆ ಜೀವನಾಂಶ, ಮಕ್ಕಳ ವಿಷಯ ಎಲ್ಲ ಬಗೆಹರಿದಿರಬೇಕು. ನಮಗೆ ಅಷ್ಟು ದಿನ ಆಗಿರಲಿಲ್ಲ. ಸುಮ್ನೆ ಕಾದೆವು.

ಮದುವೆಯ ತಾರೀಖಾದರೂ ಸುಲಭ ಅಂದುಕೊಂಡಿದ್ದೆ. ಲಗ್ನಪತ್ರಿಕೆಯಲ್ಲಿ ಎರಡು ದಿನ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಮುಹೂರ್ತ. ಸರ್ಟಿಫಿಕೇಟಿನಲ್ಲಿ ನೋಂದಣಿಯ ತಾರೀಖು ಬೇರೆ, ನಾಲ್ಕು ತಿಂಗಳ ನಂತರದ್ದು. ನಾನು ಫಾರಂನಲ್ಲಿ ಅದನ್ನೇ ಬರೆದಿದ್ದೆ! ಬೇಕಾಗಿದ್ದು ಮುಹೂರ್ತದ ದಿನ. ಸರ್ಟಿಫಿಕೇಟ್ ಇಲ್ಲದವರೂ ಹೆದರಬೇಕಿಲ್ಲ. ನೋಂದಣಿ ಆಗಿಲ್ಲವೆಂದು ಮದುವೆ ಸುಳ್ಳಾಗುವುದಿಲ್ಲ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ ಇವನ್ನು ಎತ್ತಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಆಲ್ಬಂ ಹರಿದು ಹಾಕಬೇಡಿ.

ಆಲ್ಬಂ ನನಗೆ ಇನ್ನೊಂದು ಕೆಲಸಕ್ಕೂ ಬಂತು. ಒಡವೆಯ ಪಟ್ಟಿ ಮಾಡಬೇಕಿತ್ತು. ತವರಿನವರು ಹಾಕಿದ್ದು, ಅತ್ತೆ ಮನೆಯವರು ನನಗೆಂದೇ ಕೊಟ್ಟಿದ್ದು ಎರಡೂ ಸ್ತ್ರೀಧನ, ಅದು ಹೆಂಡತಿಯದೇ. ಬಿಲ್ಲುಗಳು ಒಂದೂ ಇರಲಿಲ್ಲ. ಅಮ್ಮನ ಹತ್ತಿರ ಮುಯ್ಯಿ ಬರೆದ ಪುಸ್ತಕ ಇತ್ತು. ಅದನ್ನೂ ಫೋಟೊಗಳನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗುರುತು ಹಾಕಿದೆ. ಎರಡು ಬಳೆ ಯಾರ ಹತ್ತಿರ ಇವೆ ಅಂತ ಇವತ್ತಿಗೂ ಗೊತ್ತಿಲ್ಲ. ಅವನ್ನು ಪಟ್ಟಿಯಿಂದ ಬಿಟ್ಟೆ.

ಹಣದ ವಿಷಯದಲ್ಲಿ ನೆನಪನ್ನು ನಂಬಲೇಬಾರದು. ನಾನು ಮೂರು ಕಡೆ ಹುಡುಕಿದೆ. ಆದಾಯ ತೆರಿಗೆಯ ಪೋರ್ಟಲಿನಲ್ಲಿ ವಾರ್ಷಿಕ ಮಾಹಿತಿ ಪಟ್ಟಿ ಸಿಗುತ್ತದೆ. ಮರೆತೇ ಹೋಗಿದ್ದ ಎಫ್‌ಡಿಯೊಂದರ ಬಡ್ಡಿ ಅದರಲ್ಲಿತ್ತು. ಎರಡನೆಯದು ಸಿಬಿಲ್ ವರದಿ, ಅಂದರೆ ನಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆ. ವರ್ಷಕ್ಕೊಮ್ಮೆ ಪುಕ್ಕಟೆ. ಅವರ ಕಾರಿನ ಸಾಲಕ್ಕೆ ನಾನು ಜಾಮೀನು ಹಾಕಿದ್ದು ಅದನ್ನು ನೋಡಿದ ಮೇಲೇ ನೆನಪಾಗಿದ್ದು. ಮೂರನೆಯದು ಪಿಎಫ್ ಮತ್ತು ವಿಮೆಯ ನಾಮಿನಿ. ವಿಚ್ಛೇದನ ಆಯಿತೆಂದು ನಾಮಿನಿ ಹೆಸರು ತಾನಾಗಿ ಅಳಿಸಿ ಹೋಗುವುದಿಲ್ಲ. ನಾವೇ ಬದಲಿಸಬೇಕು.

ಮನೆ ಸಾಲದಲ್ಲಿ ಎಡವಟ್ಟಾಯಿತು. 'ಮನೆ ಅವರಿಗೆ, ಉಳಿದ ಕಂತೂ ಅವರದೇ' ಎಂದು ನಮ್ಮ ಒಪ್ಪಂದದ ಕರಡು ಪತ್ರದಲ್ಲಿ ಬರೆದು ನಿಶ್ಚಿಂತೆಯಾಗಿದ್ದೆ. ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ನಾವಿಬ್ಬರು ಏನು ಒಪ್ಪಂದ ಮಾಡಿಕೊಂಡರೂ ಸಾಲ ಪತ್ರದಲ್ಲಿ ನನ್ನ ಸಹಿ ಇರುವವರೆಗೆ ನಾನೂ ಸಾಲಗಾರಳೇ. ಬ್ಯಾಂಕು ಬರವಣಿಗೆಯಲ್ಲಿ ನನ್ನನ್ನು ಬಿಡುಗಡೆ ಮಾಡುವವರೆಗೆ ಸಹಿ ಹಾಕಲ್ಲ ಅಂದೆ. ಇದೊಂದಕ್ಕೆ ಆರು ವಾರ ಹಿಡಿಯಿತು. ಅರ್ಜಿಗಿಂತ ಮೊದಲೇ ಶುರು ಮಾಡಬೇಕಾದ ಕೆಲಸ ಇದು.

ಮಗಳ ವಿಷಯದಲ್ಲಿ ನಾವು ಜಗಳವಾಡಲಿಲ್ಲ. ಆದರೆ 'ತಂದೆ ಆಗಾಗ ನೋಡಬಹುದು' ಎಂದು ಬರೆದಿದ್ದನ್ನು ವಕೀಲರು ಹೊಡೆದು ಹಾಕಿದರು. ಆಗಾಗ ಅಂದರೆ ಎಷ್ಟು ಸಲ? ಬೇಸಿಗೆ ರಜೆ ಯಾರ ಜೊತೆ? ಶಾಲೆಯ ಫೀಸು ಯಾರು ಕಟ್ಟಬೇಕು, ಕಾಲೇಜಿಗೆ ಹೋದ ಮೇಲೆ? ಪಾಸ್‌ಪೋರ್ಟ್ ಅರ್ಜಿಗೆ ಸಹಿ? ಮಗಳ ಜನನ ಪ್ರಮಾಣಪತ್ರ, ಶಾಲೆಯ ರಸೀದಿಗಳನ್ನು ಮುಂದಿಟ್ಟುಕೊಂಡು ಒಂದು ಭಾನುವಾರ ಪೂರ್ತಿ ಇದನ್ನೇ ಬರೆದೆವು. ಮದುವೆಯಾದಾಗಿಂದ ಅಷ್ಟು ಹೊತ್ತು ಸಮಾಧಾನವಾಗಿ ಮಾತಾಡಿದ್ದು ಅದೇ ಮೊದಲು ಇರಬೇಕು.

ಹೆಸರಿನ ಗೋಳು ಸಣ್ಣದು, ಆದರೆ ಕಾಡುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು. ಎರಡೂ ನಾನೇ ಎಂದು ಒಂದು ಅಫಿಡವಿಟ್ ಮಾಡಿಸಿದೆ. ಕೊನೆಯದಾಗಿ ಒಟ್ಟಿಗಿದ್ದ ಮನೆಯ ವಿಳಾಸದ ಪುರಾವೆಯನ್ನೂ ಇಟ್ಟುಕೊಂಡೆ. ಯಾವ ಕೋರ್ಟಿನಲ್ಲಿ ಅರ್ಜಿ ಹಾಕಬಹುದು ಅನ್ನೋದು ಅದರ ಮೇಲೂ ನಿಂತಿರುತ್ತದೆ.

ಅರ್ಜಿ ಹಾಕಿದ ದಿನ ಜಡ್ಜ್ ಕೇಳಿದ್ದು ಹೆಚ್ಚೇನಿಲ್ಲ. ಯಾರಾದರೂ ಬಲವಂತ ಮಾಡಿದರಾ ಅಂದರು. ಆಮೇಲೆ, ಯಾವತ್ತಿಂದ ಬೇರೆ ಇದ್ದೀರಿ ಅಂದರು. ಇಬ್ಬರೂ ಒಟ್ಟಿಗೇ ಒಂದೇ ತಾರೀಖು ಹೇಳಿದೆವು.