ಸಿಡಿ4011 ಔಟ್‌ಪುಟ್‌ಗೆ ಎಲ್‌ಇಡಿ ಹಾಕುವವರಿಗೆ

ಮನೆಯ ಸಂಪ್‌ನಲ್ಲಿರುವ (ನೆಲದಡಿಯ ತೊಟ್ಟಿ) ನೀರಿನ ಮಟ್ಟ ತೋರಿಸುವ ಸರ್ಕ್ಯೂಟ್ ಮಾಡುತ್ತಿದ್ದೆ. ಸಿಡಿ4011 ಐಸಿ (ನಾಲ್ಕು ಲಾಜಿಕ್ ಗೇಟ್‌ಗಳಿರುವ ಚಿಪ್; ಗೇಟ್ ಅಂದರೆ ಇನ್‌ಪುಟ್ ನೋಡಿ ಔಟ್‌ಪುಟ್ ಅನ್ನು ‘ಹೈ’ ಅಥವಾ ‘ಲೋ’ ಮಾಡುವ ಭಾಗ), 5 ವೋಲ್ಟ್ ಸಪ್ಲೈ. ಗೇಟ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಔಟ್‌ಪುಟ್ ಪಿನ್‌ಗೆ ಒಂದು ಕೆಂಪು ಎಲ್‌ಇಡಿಯನ್ನು ಸುಮ್ನೆ ನೇರವಾಗಿ ಸೇರಿಸಿದೆ. ಎಲ್‌ಇಡಿ ಮಂಕಾಗಿ ಉರಿಯಿತು. ಆದರೆ ಅದೇ ಪಿನ್‌ಗೆ ಜೋಡಿಸಿದ್ದ ಮುಂದಿನ ಗೇಟ್ ಬದಲಾಗಲೇ ಇಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ ಪಿನ್‌ನಲ್ಲಿ ಬರೀ 1.9 ವೋಲ್ಟ್!

ಈ ಐಸಿ 5 ವೋಲ್ಟ್‌ನಲ್ಲಿ ಮಟ್ಟ ಕುಸಿಯದೆ ಖಚಿತವಾಗಿ ಕೊಡುವುದು ಸುಮಾರು ಅರ್ಧ ಮಿಲಿಆಂಪ್ ಮಾತ್ರ. ಎಲ್‌ಇಡಿ ಜಾಸ್ತಿ ಎಳೆದರೆ ವೋಲ್ಟೇಜ್ ಬೀಳುತ್ತದೆ. ಮುಂದಿನ ಗೇಟ್‌ಗೆ ‘ಹೈ’ ಅಂತ ಗೊತ್ತಾಗಲು 3.5 ವೋಲ್ಟ್ ಆದರೂ ಬೇಕಲ್ವಾ?

ಇದಕ್ಕೆ ಪರಿಹಾರವಾಗಿ ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಔಟ್‌ಪುಟ್‌ನಿಂದ 10ಕೆ (10 ಕಿಲೋಓಮ್) ರೆಸಿಸ್ಟರ್ ಮೂಲಕ ಬೇಸ್‌ಗೆ. ಎಮಿಟರ್ ಗ್ರೌಂಡ್‌ಗೆ. 5 ವೋಲ್ಟ್‌ನಿಂದ 470 ಓಮ್, ಆಮೇಲೆ ಎಲ್‌ಇಡಿಯ ಉದ್ದದ ಕಾಲು. ಗಿಡ್ಡ ಕಾಲು ಕಲೆಕ್ಟರ್‌ಗೆ. ಈಗ ಐಸಿ ಕೊಡುವುದು 0.4 ಮಿಲಿಆಂಪ್, ಎಲ್‌ಇಡಿಗೆ ಸಿಗುವುದು ಸುಮಾರು 6. ಚೆನ್ನಾಗಿ ಬೆಳಗುತ್ತದೆ, ಪಿನ್‌ನ ವೋಲ್ಟೇಜೂ ಕುಸಿಯುವುದಿಲ್ಲ.

ಟ್ರಾನ್ಸಿಸ್ಟರ್ ಕೈಯಲ್ಲಿ ಇಲ್ಲದಿದ್ದರೆ ಸೂಪರ್‌ಬ್ರೈಟ್ ಕೆಂಪು ಎಲ್‌ಇಡಿಗೆ 6.8ಕೆ ರೆಸಿಸ್ಟರ್ ಹಾಕಿ ನೇರವಾಗಿ ಜೋಡಿಸಬಹುದು. ಬಿಸಿಲಲ್ಲಿ ಕಾಣುವುದಿಲ್ಲ, ಡಬ್ಬಿಯೊಳಗೆ ಸಾಕು.

ಸಿಡಿ4011 ಬದಲು 74ಎಲ್‌ಎಸ್ ಸರಣಿಯ (ಇನ್ನೊಂದು ಬಗೆಯ ಲಾಜಿಕ್ ಚಿಪ್) ಐಸಿ ಆದರೆ ಎಲ್‌ಇಡಿಯನ್ನು 5 ವೋಲ್ಟ್‌ನಿಂದ ರೆಸಿಸ್ಟರ್ ಮೂಲಕ ಪಿನ್‌ಗೆ ತನ್ನಿ. ಆ ಪಿನ್ ಹೈ ಇದ್ದಾಗ ಕೊಡುವುದು 0.4 ಮಿಲಿಆಂಪ್, ಲೋ ಇದ್ದಾಗ 8 ಮಿಲಿಆಂಪ್‌ವರೆಗೆ ಎಳೆದುಕೊಳ್ಳುತ್ತದೆ. ಔಟ್‌ಪುಟ್ ಲೋ ಆದಾಗ ಎಲ್‌ಇಡಿ ಉರಿಯುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ.