ಪ್ರವಾಸಕ್ಕೊಂದು ಮುಡಿಪು

ನಮ್ಮ ಅಜ್ಜಿಯ ಮನೆಯ ದೇವರ ಗೂಡಿನಲ್ಲಿ ಅರಿಶಿನದ ಬಟ್ಟೆಯ ಗಂಟೊಂದು ಇರುತ್ತಿತ್ತು. ತಿರುಪತಿಯ ಮುಡಿಪು. ಎಣ್ಣೆ ಮುಗಿದು ಒಗ್ಗರಣೆಗೆ ತತ್ವಾರವಾದ ದಿನವೂ ಆ ಗಂಟಿಗೆ ಯಾರೂ ಕೈ ಹಾಕಿದ್ದನ್ನು ನಾನು ಕಂಡಿಲ್ಲ. ಸಾಸಿವೆ ಡಬ್ಬಿಯ ಹಣ ಖರ್ಚಾಗುತ್ತಿತ್ತು, ಅಕ್ಕಿ ಡಬ್ಬದ ತಳದ ನೋಟು ಮಾಯವಾಗುತ್ತಿತ್ತು, ಮುಡಿಪು ಮಾತ್ರ ದಪ್ಪವಾಗುತ್ತಲೇ ಇತ್ತು. ನಾಲ್ಕೈದು ವರ್ಷಕ್ಕೊಮ್ಮೆ ಅಜ್ಜಿ ರೈಲು ಹತ್ತುತ್ತಿದ್ದರು. ಅಜ್ಜನ ಸಂಬಳ ತಿಳಿದಿದ್ದ ನೆರೆಯವರು ಹುಬ್ಬೇರಿಸುತ್ತಿದ್ದರು. ಆ ಹಣ ಯಾವುದಕ್ಕೆ ಎಂಬುದು ಮೊದಲ ಕಾಸು ಹಾಕಿದ ದಿನವೇ ನಿಶ್ಚಯವಾಗಿರುತ್ತಿತ್ತು, ಗುಟ್ಟು ಅಷ್ಟೇ.

ಮೈಸೂರಿನ ನಮ್ಮ ಮನೆಯಲ್ಲಿ ನಾಲ್ವರು: ನಾನು, ಹೆಂಡತಿ, ಹತ್ತು ವರ್ಷದ ಮಗಳು, ಅರವತ್ತಾರರ ಅಮ್ಮ. ತಿಂಗಳಿಗೆ ಕೈಗೆ ಬರುವುದು 32,000 ರೂಪಾಯಿ. ‘ಉಳಿದರೆ ಹೋಗೋಣ’ ಎಂದು ಎಂಟು ವರ್ಷ ಹೇಳಿಕೊಂಡು ಬಂದೆವು. ಉಳಿಯಲಿಲ್ಲ. ಒಮ್ಮೆ ತಾಳ್ಮೆ ಕೆಟ್ಟು ಕ್ರೆಡಿಟ್ ಕಾರ್ಡಿನಲ್ಲಿ 18,000 ರೂಪಾಯಿ ಉಜ್ಜಿ ಊಟಿಗೆ ಹೋಗಿಬಂದೆವು. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಬರೆದಿದ್ದಷ್ಟನ್ನೇ ಕಟ್ಟುತ್ತಾ ಹೋದೆ. ತಿಂಗಳಿಗೆ ಶೇ 3.5ರ ಬಡ್ಡಿ ಎಂದರೆ 18,000ಕ್ಕೆ ಮೊದಲ ತಿಂಗಳೇ 630 ರೂಪಾಯಿ. ಊಟಿಯ ಚಳಿ ಮೂರು ದಿನ ಇತ್ತು, ಕಾರ್ಡಿನ ಬಿಸಿ ಹದಿನಾಲ್ಕು ತಿಂಗಳು. ಆಮೇಲೆ ಅಜ್ಜಿಯ ಗಂಟು ನೆನಪಾಯಿತು. ಮುಂದಿನದು ಆ ಗಂಟನ್ನು ಈ ಕಾಲಕ್ಕೆ ಕಟ್ಟುವ ಬಗೆ.

ಮೊದಲು ಸಾಲು ಸರಿಪಡಿಸಿ

ಪ್ರವಾಸಕ್ಕೆ ಆದ್ಯತೆ ಕೊಡುವುದೆಂದರೆ ಅದನ್ನು ಎಲ್ಲಕ್ಕಿಂತ ಮೇಲೆ ಕೂರಿಸುವುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಡಿಗೆ, ದಿನಸಿ, ಔಷಧ, ಜೂನ್ ತಿಂಗಳ ಶಾಲಾ ಶುಲ್ಕ, ಆಪತ್ತಿಗೆಂದು ಎತ್ತಿಟ್ಟ ಒಂದಿಷ್ಟು ಹಣ ಇವೆಲ್ಲ ಮುಂದೆ. ಕಾರ್ಡಿನ ಬಾಕಿಯೋ ಕೈಸಾಲವೋ ಇದ್ದರೆ ಅದು ತೀರುವವರೆಗೆ ದೂರದ ಪ್ರಯಾಣ ಬೇಡ. ಇವುಗಳ ನಂತರದ ಸ್ಥಾನವನ್ನು ಪ್ರವಾಸಕ್ಕೆ ಕೊಡಿ. ಹೊಸ ಮೊಬೈಲಿಗಿಂತ, ಕಂತಿನ ಟಿ.ವಿ.ಗಿಂತ, ದೂರದ ಸಂಬಂಧಿಯ ಮದುವೆಗೆ ಶಕ್ತಿ ಮೀರಿ ಮಾಡುವ ಮುಯ್ಯಿಗಿಂತ ಮೇಲೆ. ಕೊನೆಯದು ಕಷ್ಟ, ನನಗೂ ಗೊತ್ತು. ನಾವು ನಿಕಟ ಬಂಧುಗಳಿಗೆ ಮೊದಲಿನಂತೆ, ಉಳಿದವರಿಗೆ ಇಷ್ಟು ಎಂದು ಒಂದು ಮೊತ್ತ ಗೊತ್ತುಮಾಡಿಕೊಂಡೆವು. ಎರಡು ಮದುವೆಗಳಲ್ಲಿ ಸ್ವಲ್ಪ ಮುಜುಗರವಾಯಿತು. ಮೂರನೆಯದರಲ್ಲಿ ಯಾರೂ ಗಮನಿಸಲಿಲ್ಲ.

ಊರಿಗೆ ಹೆಸರಿಡಿ, ಮೊತ್ತ ಬರೆಯಿರಿ

‘ಎಲ್ಲಿಗಾದರೂ’ ಎಂದು ಕೂಡಿಟ್ಟ ಹಣ ಮಿಕ್ಸಿ ಕೆಟ್ಟ ದಿನ ಮಿಕ್ಸಿಯಾಗಿಬಿಡುತ್ತದೆ. ನಾವು ಹೆಸರಿಟ್ಟಿದ್ದು ‘ಹಂಪಿ–ಬಾದಾಮಿ’ ಎಂದು. ಕರ್ನಾಟಕದಲ್ಲಿ ಹುಟ್ಟಿ ಬೆಳೆದು ಪಟ್ಟದಕಲ್ಲನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ ನಾಚಿಕೆ ನನಗಿತ್ತು. ಅಮ್ಮನ ಮನಸ್ಸಿನಲ್ಲಿ ಇದ್ದದ್ದು ಕಾಶಿ. ಅದು ಎರಡನೆಯ ಗಂಟು ಎಂದು ಒಪ್ಪಿಸಿದೆವು.

ಒಂದು ಹಾಳೆಯಲ್ಲಿ ಖರ್ಚನ್ನು ಬಿಡಿಬಿಡಿಯಾಗಿ ಬರೆಯಿರಿ. ನಾಲ್ವರಿಗೆ, ಐದು ಹಗಲಿಗೆ ನಮ್ಮ ಅಂದಾಜು ಹೀಗಿತ್ತು: ಹೋಗಿಬರುವ ರೈಲಿನ ಸ್ಲೀಪರ್ ಟಿಕೆಟ್‌ಗಳಿಗೆ 3,000, ನಾಲ್ಕು ರಾತ್ರಿಯ ವಸತಿಗೆ 4,400, ಊಟ ತಿಂಡಿಗೆ 3,500, ಆಟೊ, ಬಸ್ಸಿಗೆ 2,000, ಸ್ಮಾರಕಗಳ ಪ್ರವೇಶಕ್ಕೆ 400, ಕೈಮೀರಿದ್ದಕ್ಕೆ 1,500. ಒಟ್ಟು 14,800. ದುಂಡಗೆ 15,000 ಎಂದುಕೊಂಡರೆ ತಿಂಗಳಿಗೆ 1,250ರಂತೆ ಹನ್ನೆರಡು ತಿಂಗಳು. ಸಂಬಳದ ಶೇ 4ಕ್ಕಿಂತ ತುಸು ಕಡಿಮೆ. ಎಂಟು ವರ್ಷ ನಮ್ಮನ್ನು ಮನೆಯಲ್ಲಿ ಕೂರಿಸಿದ್ದ ಪರ್ವತ ಇಷ್ಟೇ ಇತ್ತೇ ಎಂದು ಆ ರಾತ್ರಿ ನನಗೆ ಸ್ವಲ್ಪ ಸಿಟ್ಟೇ ಬಂತು.

ಸೋರುವ ಜಾಗ ಹುಡುಕಿ

ಈ 1,250 ಎಲ್ಲಿಂದ ಬರಬೇಕು? ಹಣಕಾಸಿನ ಸಲಹೆ ಕೊಡುವವರು ಮೊದಲು ಕೈ ಹಾಕುವುದು ಕಾಫಿಗೆ. ಮೈಸೂರಿನಲ್ಲಿ ಆ ಮಾತು ನಡೆಯುವುದಿಲ್ಲ. ನಿತ್ಯದ ಸಣ್ಣ ಸುಖ ಕಿತ್ತುಕೊಂಡು ಕಟ್ಟಿದ ಗಂಟು ಮೂರನೆಯ ತಿಂಗಳಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಬದಲಿಗೆ ಒಂದು ತಿಂಗಳು, ಪೂರ್ತಿ ಒಂದು ತಿಂಗಳು, ಎಲ್ಲ ಖರ್ಚನ್ನೂ ಪುಸ್ತಕದಲ್ಲಿ ಬರೆಯಿರಿ. ಯುಪಿಐ ಬಂದ ಮೇಲೆ ಹಣ ಹೋದದ್ದು ಕೈಗೆ ಗೊತ್ತಾಗುವುದಿಲ್ಲ, ಬರೆದಾಗಲೇ ಗೊತ್ತಾಗುವುದು.

ನಮ್ಮ ಪುಸ್ತಕ ಹೇಳಿದ್ದು: ಯಾರೂ ನೋಡದ ಎರಡು ಸಿನಿಮಾ ಆ್ಯಪ್‌ಗಳ ಚಂದಾ 350 ರೂಪಾಯಿ. ಭಾನುವಾರ ಸಂಜೆ ಆ್ಯಪ್‌ನಲ್ಲಿ ತರಿಸುವ ತಿಂಡಿ 1,200. ಅದನ್ನು ಅರ್ಧ ಮಾಡಿದರೆ 600. ಉಳಿದ 300ಕ್ಕೆ ಹೆಂಡತಿ ತಿಂಗಳಿಗೆ ಒಂದು ರವಿಕೆ ಹೆಚ್ಚಿಗೆ ಹೊಲಿಯಲು ಒಪ್ಪಿದಳು. ಅಲ್ಲಿಗೆ ಲೆಕ್ಕ ಸರಿಹೋಯಿತು. ನಿಮ್ಮ ಮನೆಯ ಸೋರಿಕೆ ಬೇರೆ ಇರುತ್ತದೆ, ಪುಸ್ತಕ ತೋರಿಸಿಕೊಡುತ್ತದೆ. ಕತ್ತರಿ ಮಾತ್ರ ಒಬ್ಬರ ಮೇಲೆಯೇ ಬೀಳದಿರಲಿ. ಅಮ್ಮನ ಔಷಧಕ್ಕೂ ಮಗಳ ಹಾಲಿಗೂ ಕೈ ಹಾಕಿ ನೋಡುವ ಹಂಪಿ ಹಂಪಿಯಲ್ಲ.

ಗಂಟು ಎಲ್ಲಿ ಕಟ್ಟಬೇಕು?

ಬಟ್ಟೆಯ ಗಂಟಿಗೆ ದೇವರ ಭಯ ಕಾವಲಿತ್ತು. ಬ್ಯಾಂಕಿನಲ್ಲಿ ಆ ಕೆಲಸವನ್ನು ಆರ್‌.ಡಿ., ಅಂದರೆ ತಿಂಗಳು ತಿಂಗಳು ಇಷ್ಟೆಂದು ಕಟ್ಟುವ ಠೇವಣಿ, ಮಾಡುತ್ತದೆ. ಹನ್ನೆರಡು ತಿಂಗಳ ಆರ್‌.ಡಿ. ತೆರೆದು, ಸಂಬಳ ಬಂದ ಮರುದಿನವೇ ಕಂತು ತಾನಾಗಿ ಕಡಿತವಾಗುವಂತೆ ಬರೆದುಕೊಡಿ. ಹತ್ತನೆಯ ತಾರೀಖು ಎಂದರೆ ಆಗಲೇ ತಡ. ಆರ್‌.ಡಿ. ಬೇಡವೆಂದರೆ ಇನ್ನೊಂದು ಉಳಿತಾಯ ಖಾತೆಯೂ ಆದೀತು, ಆದರೆ ಅದನ್ನು ಮೊಬೈಲಿನ ಯುಪಿಐಗೆ ಜೋಡಿಸಬೇಡಿ. ಜೋಡಿಸಿದಿರೋ, ಅದು ಸಾಸಿವೆ ಡಬ್ಬಿ.

ಅಂಚೆ ಕಚೇರಿಯ ಆರ್‌.ಡಿ. ಭದ್ರವಾದದ್ದು, ತಿಂಗಳಿಗೆ 100 ರೂಪಾಯಿಯಿಂದಲೂ ಕಟ್ಟಬಹುದು. ಆದರೆ ಅದರ ಅವಧಿ ಐದು ವರ್ಷ. ಮೂರು ವರ್ಷಕ್ಕೆ ಮುಂಚೆ ಮುಚ್ಚಲು ಬರುವುದಿಲ್ಲ. ಮುಂದಿನ ವರ್ಷದ ಹಂಪಿಗೆ ಅದು ಒದಗದು, ಕಾಶಿಯಂಥ ದೊಡ್ಡ ಗಂಟಿಗೆ ಒಪ್ಪುತ್ತದೆ. ಪರಿಚಯದವರ ಚೀಟಿಯ ಬಗ್ಗೆ ಒಂದೇ ಮಾತು: ನೋಂದಣಿಯಾಗದ ಚೀಟಿಗೆ ಪ್ರವಾಸದ ಹಣ ಹಾಕಬೇಡಿ. ಚೀಟಿಯೇ ಬೇಕೆನ್ನುವವರಿಗೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ನಡೆಸುವ ಚೀಟಿ ಇದೆ.

ಬಡ್ಡಿಯಿಂದ ಸಾಹುಕಾರರಾಗುತ್ತೇವೆ ಎಂದುಕೊಳ್ಳಬೇಡಿ. ವರ್ಷಕ್ಕೆ ನಮಗೆ ಬಂದದ್ದು ಐನೂರರ ಆಸುಪಾಸು. ಒಂದು ಹೊತ್ತಿನ ರೊಟ್ಟಿ ಊಟ ನಾಲ್ವರಿಗೆ.

ನಡುವೆ ಒಂದು ಸಣ್ಣ ತಾಲೀಮು

ಹನ್ನೆರಡು ತಿಂಗಳು ಕಾಯುವುದು ದೊಡ್ಡವರಿಗೇ ಕಷ್ಟ, ಮಗುವಿಗೆ ಕೇಳಬೇಕೆ? ಎರಡು ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಹೋಗಿ ಸಂಜೆ ಬರುವ ಊರು ಇಟ್ಟುಕೊಳ್ಳಿ. ನಮಗೆ ಸೋಮನಾಥಪುರ, ತಲಕಾಡು, ಮೇಲುಕೋಟೆ ಹಾಗೆ ಒದಗಿದವು. ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆಗೊಂಡ ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮನೆಯಿಂದ ಒಂದೂವರೆ ಗಂಟೆಯ ದಾರಿ, ನಾನು ಮೊದಲ ಸಲ ನೋಡಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ.

ಈ ತಿರುಗಾಟಕ್ಕೆ ಶಕ್ತಿ ಯೋಜನೆ ದೊಡ್ಡ ಆಸರೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ನಮ್ಮ ನಾಲ್ವರಲ್ಲಿ ಹಣ ಕೊಡುವವನು ನಾನೊಬ್ಬನೇ. ನಿರ್ವಾಹಕರು ಮೂರು ಶೂನ್ಯ ಟಿಕೆಟ್ ಹರಿದು ಕೊಟ್ಟು ನನ್ನ ಕಡೆ ಕೈ ಚಾಚುತ್ತಾರೆ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ, ಗಡಿ ದಾಟುವ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ದಿನ ಮತ್ತು ಟಿಕೆಟ್

ಅಗ್ಗದ ಪ್ರವಾಸ ಅರ್ಧ ಗೆಲ್ಲುವುದು ದಿನ ಆರಿಸುವುದರಲ್ಲಿ. ದಸರಾ ರಜೆ, ಕ್ರಿಸ್ಮಸ್ ವಾರ, ಸಾಲು ರಜೆ ಬರುವ ಶನಿವಾರ, ಹಂಪಿ ಉತ್ಸವದ ದಿನಗಳು – ಇವುಗಳಲ್ಲಿ ಹೊಸಪೇಟೆಯಲ್ಲಿ ಕೋಣೆ ಸಿಗುವುದೇ ಕಷ್ಟ, ಸಿಕ್ಕರೆ ಬೆಲೆ ಕೇಳಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಆ ಬಂಡೆಗಳ ಮೇಲೆ ಅರವತ್ತಾರರ ಅಮ್ಮನನ್ನು ನಡೆಸುವುದು ಪಾಪ. ನಾವು ಮಗಳ ಶಾಲೆಗೆ ರಜಾ ಅರ್ಜಿ ಬರೆದುಕೊಟ್ಟು ವಾರದ ನಡುವೆ ಹೋದೆವು. ಶಿಕ್ಷಕಿ, ಬಂದ ಮೇಲೆ ಒಂದು ಪುಟ ಬರೆದು ತರಬೇಕು ಎಂದು ಕರಾರು ಹಾಕಿದರು.

ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಮೊದಲು 120 ದಿನ ಇತ್ತು. ಹೊರಡುವ ದಿನದಿಂದ ಹಿಂದಕ್ಕೆ 60 ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಬೆಳಿಗ್ಗೆ ಎಂಟಕ್ಕೆ ಕುಳಿತುಬಿಡಿ. ತತ್ಕಾಲ್‌ಗೆ ಹೆಚ್ಚು ದುಡ್ಡು, ಹೆಚ್ಚು ಎದೆಬಡಿತ. ಆನ್‌ಲೈನ್‌ನಲ್ಲಿ ತೆಗೆದ ಟಿಕೆಟ್ ಕೊನೆಯವರೆಗೂ ಕಾಯುವ ಪಟ್ಟಿಯಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ. ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ಣ ದರ. ರಾತ್ರಿ ಪ್ರಯಾಣವಾದ್ದರಿಂದ ನಾವು ಪೂರ್ಣ ದರವೇ ಕೊಟ್ಟೆವು. ಹಿರಿಯ ನಾಗರಿಕರ ರಿಯಾಯಿತಿಯನ್ನು ರೈಲ್ವೆ 2020ರ ಮಾರ್ಚ್‌ನಲ್ಲೇ ನಿಲ್ಲಿಸಿದೆ. ಅಮ್ಮ ಈಗಲೂ ಇದನ್ನು ನಂಬುವುದಿಲ್ಲ.

ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತದೆ; ಬಾದಾಮಿಯಿಂದ ಹಿಂದಿರುಗಲು ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಎರಡೂ ರಾತ್ರಿಯ ಪ್ರಯಾಣ, ಎರಡು ರಾತ್ರಿಯ ಕೋಣೆ ಬಾಡಿಗೆ ಉಳಿತಾಯ.

ಹೋದ ಮೇಲೆ

ಲಾಡ್ಜಿಗೆ ಮುಂಚೆಯೇ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ಲೆಕ್ಕ 24 ಗಂಟೆಯದೋ, ಮಧ್ಯಾಹ್ನ 12ರದೋ? ಬೆಳಿಗ್ಗೆ ಏಳಕ್ಕೆ ಇಳಿಯುವವರಿಗೆ ಈ ಒಂದು ಪ್ರಶ್ನೆ ಒಂದು ದಿನದ ಬಾಡಿಗೆ ಉಳಿಸಬಲ್ಲದು. ಹೊಸಪೇಟೆಯಲ್ಲಿ ಉಳಿದರೆ ಹಂಪಿ 13 ಕಿಲೋಮೀಟರ್, ಬಸ್ಸಿದೆ. ವಿಠ್ಠಲ ದೇವಾಲಯಕ್ಕೆ 40 ರೂಪಾಯಿಯ ಟಿಕೆಟ್. ಅದೇ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಬಿಸಾಡಬೇಡಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಆಟೊವನ್ನು ಇಡೀ ದಿನಕ್ಕೆ ಗೊತ್ತುಮಾಡುವಾಗ ಯಾವ ಯಾವ ಜಾಗ ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಕಾಲು ಗಟ್ಟಿ ಇರುವವರಿಗೆ ಬಾಡಿಗೆ ಸೈಕಲ್ಲೂ ಸಿಗುತ್ತದೆ.

ಹೊಸಪೇಟೆಯಿಂದ ಗದಗಕ್ಕೆ ಬಂದು ಬಸ್ ಬದಲಿಸಿ ಬಾದಾಮಿ ಸೇರಿದೆವು. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್, ಐಹೊಳೆ ಅಲ್ಲಿಂದ ಮುಂದೆ. ಬಸ್ಸಿನಲ್ಲಿ ಹೋಗುವವರು ಬೆಳಿಗ್ಗೆ ಬೇಗ ಹೊರಡಬೇಕು, ಹಿಂದಿರುಗುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಕೇಳಿಕೊಳ್ಳಬೇಕು. ಬಾದಾಮಿಯ ರೈಲು ನಿಲ್ದಾಣ ಊರಿನಿಂದ ಐದು ಕಿಲೋಮೀಟರ್ ದೂರ ಎಂಬುದು ಲೆಕ್ಕದಲ್ಲಿರಲಿ. ಊಟಕ್ಕೆ ಖಾನಾವಳಿ ಹುಡುಕಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅನ್ನ ಸಾರಿಲ್ಲದೆ ಹೇಗೆ ಎಂದು ಗೊಣಗುತ್ತಾ ಕುಳಿತ ಅಮ್ಮ ಮೂರನೆಯ ರೊಟ್ಟಿ ಹಾಕಿಸಿಕೊಂಡರು.

ಗಂಟು ಸಡಿಲವಾದರೆ

ಎಲ್ಲ ಲೆಕ್ಕದಂತೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ಎಂಟನೆಯ ತಿಂಗಳಲ್ಲಿ ಅಮ್ಮನ ಹಲ್ಲಿನ ಚಿಕಿತ್ಸೆ ಬಂತು, ಎರಡು ಕಂತು ತಪ್ಪಿತು. ಬ್ಯಾಂಕಿಗೆ ಸಣ್ಣ ದಂಡ ಕಟ್ಟಿ ಮುಂದುವರಿಸಿದೆವು. ನವೆಂಬರಿನ ಪ್ರವಾಸ ಜನವರಿಗೆ ಹೋಯಿತು. ಹೀಗಾದಾಗ ಆರ್‌.ಡಿ.ಯನ್ನೇ ಮುರಿಯಬೇಡಿ, ದಿನಾಂಕವನ್ನು ಮುಂದೂಡಿ. ಬೋನಸ್ಸೋ ಬಾಕಿ ಸಂಬಳವೋ ಒಟ್ಟಿಗೆ ಕೈಗೆ ಬಂದಾಗ ಅದರಲ್ಲಿ ಒಂದು ಪಾಲನ್ನು ಅಂದೇ ಇತ್ತ ತಿರುಗಿಸಿ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ನಮ್ಮ ಚಿಕ್ಕಪ್ಪ ಎರಡು ಸಲ ಎಚ್ಚರಿಸಿದರು. ಹಾಸಿಗೆಯ ಮೇಲೆ ಓರೆಯಾಗಿ ಮಲಗಿದರೆ ಕಾಲಿಗೆ ಇನ್ನೂ ನಾಲ್ಕು ಬೆರಳು ಜಾಗ ಸಿಗುತ್ತದೆ ಚಿಕ್ಕಪ್ಪ ಎಂದೆ. ಅವರು ನಗಲಿಲ್ಲ.

ಅಮ್ಮನ ಕಾಶಿಗೆ ಈಗ ಎರಡನೆಯ ಗಂಟು ಬಿದ್ದಿದೆ. ಮುಜರಾಯಿ ಇಲಾಖೆ ಕಾಶಿ ಯಾತ್ರಿಗಳಿಗೆ ಸಹಾಯಧನ ಕೊಡುತ್ತದೆ. 2022ರಲ್ಲಿ ಕಾಶಿ ದರ್ಶನದ ರೈಲು ಶುರುವಾದಾಗ 20,000 ರೂಪಾಯಿಯ ಪ್ರಯಾಣದಲ್ಲಿ 5,000ವನ್ನು ಸರ್ಕಾರ ಭರಿಸಿತ್ತು. ಹೊರಡುವ ಮುಂಚೆ ಈಗಿನ ಮೊತ್ತ ಮತ್ತು ನಿಯಮಗಳನ್ನು ಇಲಾಖೆಯಲ್ಲಿ ವಿಚಾರಿಸಿಯೇ ಲೆಕ್ಕ ಹಾಕಬೇಕು.

ಹಿಂದಿರುಗಿದ ದಿನವೇ ಖರ್ಚು ಕೂಡಿಸಿ. ಮುಂದಿನ ಅಂದಾಜಿಗೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ನಮ್ಮದು 13,960 ಆಗಿತ್ತು. ಬಡ್ಡಿಯೂ ಸೇರಿ ಕೈಯಲ್ಲಿದ್ದ 15,500ರಲ್ಲಿ 1,540 ಉಳಿಯಿತು, ಅದು ನೇರವಾಗಿ ಕಾಶಿಯ ಖಾತೆಗೆ ಹೋಯಿತು. ಪ್ರವಾಸದ ಲೆಕ್ಕ ಬರೆಯುವ ಕೆಲಸವನ್ನು ಮಗಳಿಗೆ ವಹಿಸಿದ್ದೆ. ಬಾದಾಮಿಯ ಪುಟದಲ್ಲಿ ಗುಹೆಗಳ ಟಿಕೆಟ್ಟಿನ ಕೆಳಗೆ ಅವಳು ಬರೆದಿದ್ದಳು: ‘ಬಾಳೆಹಣ್ಣು, ಒಂದು ಚಿಪ್ಪು, 40 ರೂಪಾಯಿ. ನಾವು ತಿಂದದ್ದು ಎರಡು, ಉಳಿದದ್ದು ಕೋತಿ.’