ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸುವ ಪಟ್ಟಿ: ನನ್ನ ಅನುಭವ

ಗರ್ಭ ಹೇಗೆ ನಿಲ್ಲುತ್ತದೆ ಎಂದು ಜೋಡಿಗಳಿಗೆ ತಿಳಿಹೇಳುವ ಕೆಲಸದಲ್ಲಿ ‘ಹಿಂದಕ್ಕೆ ಎಣಿಸುವುದು ಯಾರ ತಲೆಗೂ ಹತ್ತುವುದಿಲ್ಲ, ಮುಟ್ಟು ಶುರುವಾದ 14ನೇ ದಿನ ಅಂಡಾಣು ಹೊರಬರುತ್ತದೆ ಅಂದು ಮುಗಿಸಿಬಿಡಿ’ ಎಂದವರೇ ಹೆಚ್ಚು. ಅರ್ಧ ಗೊಂದಲ ಹುಟ್ಟುವುದೇ ಆ 14ರಿಂದ. ಈಗ ಎರಡು ಪಟ್ಟಿ ಕೈಗೆ ಕೊಟ್ಟರೆ ಹತ್ತರಲ್ಲಿ ಎಂಟು ಮಂದಿಯಾದರೂ ತಮ್ಮ ದಿನಗಳನ್ನು ತಾವೇ ಗುರುತಿಸುತ್ತಾರೆ.

ಮೊದಲು ದುಡ್ಡು ಸುರಿದದ್ದು ಗರ್ಭಕೋಶದ ಪ್ಲಾಸ್ಟಿಕ್ ಮಾದರಿಗೆ. ಹೆಚ್ಚುಕಮ್ಮಿ ಅರ್ಧ ತಿಂಗಳ ಸಂಬಳ. ಎಲ್ಲರೂ ಕೈಯಲ್ಲಿ ಹಿಡಿದು ನೋಡಿದರು, ‘ಅಂಡಾಣು ತಿಂಗಳಿಡೀ ಕಾದು ಕೂತಿರುತ್ತದೆ’ ಎಂಬ ನಂಬಿಕೆ ಹಾಗೇ ಉಳಿಯಿತು. ಮಾದರಿಯಲ್ಲಿ ಜಾಗ ಕಾಣುತ್ತದೆ, ದಿನ ಕಾಣುವುದಿಲ್ಲ. ಬಣ್ಣದ ಚಾರ್ಟುಗಳೂ ದಂಡ: ಅದರಲ್ಲಿ ಎಲ್ಲರ ಚಕ್ರವೂ (ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ) 28 ದಿನ.

ಪಟ್ಟಿ ಹೀಗೆ: ಒಂದೊಂದು ಸೆಂಟಿಮೀಟರಿನ 40 ಮನೆಗಳ ಕಾಗದ, 1ರಿಂದ 40 ಅಂಕಿ. ಮೊದಲ ಐದು ಮನೆಗೆ ಬೂದು ಬಣ್ಣ, ಅದು ಸ್ರಾವ. ಅದರ ಮೇಲೆ ಜಾರಿಸಲು 20 ಮನೆಗಳ ಪಾರದರ್ಶಕ ಹಾಳೆ. ಎಡಗಡೆಯ ಆರು ಮನೆ ಕೆಂಪು, ಅವು ಗರ್ಭ ನಿಲ್ಲಬಹುದಾದ ದಿನಗಳು; ಉಳಿದ 14 ಖಾಲಿ. ಹಾಳೆಯ ಬಲತುದಿಯನ್ನು ಚಕ್ರದ ಕೊನೆಯ ದಿನಕ್ಕೆ ಕೂಡಿಸಬೇಕು. ಆರನೇ ಕೆಂಪು ಮನೆಯಲ್ಲಿ ಅಂಡಾಣು ಹೊರಬರುತ್ತದೆ. ಅದರ ಆಯುಸ್ಸು 12ರಿಂದ 24 ಗಂಟೆ. ಹಿಂದಿನ ಐದು ಮನೆ ವೀರ್ಯಾಣುವಿನವು: ಗರ್ಭಕೋಶದ ಬಾಯಿಯ ಲೋಳೆ ಚೆನ್ನಾಗಿದ್ದರೆ ಐದು ದಿನದವರೆಗೂ ಬದುಕಿ ಕಾಯುತ್ತದೆ. ಎರಡೂ ಕೂಡುವುದು ಅಂಡನಾಳದಲ್ಲಿ. ಗರ್ಭಕೋಶಕ್ಕೆ ಅಂಟಿಕೊಳ್ಳಲು ಸಾಮಾನ್ಯವಾಗಿ ಇನ್ನೂ 6ರಿಂದ 10 ದಿನ.

28 ದಿನದವರಿಗೆ ಕೆಂಪು 9ರಿಂದ 14. 35ಕ್ಕೆ ಜಾರಿಸಿದರೆ 16ರಿಂದ 21; ಇವರು 14ನೇ ದಿನ ಹಿಡಿದು ಕೂತರೆ ತಿಂಗಳು ತಿಂಗಳೂ ತಪ್ಪುತ್ತದೆ. 21ಕ್ಕೆ ತಂದಾಗ ಕೋಣೆಯೇ ಮೌನ: ಕೆಂಪು ಎರಡನೇ ಮನೆಯಿಂದಲೇ ಶುರು, ಬೂದಿನ ಮೇಲೇ ಕೂರುತ್ತದೆ. ‘ಮುಟ್ಟಿನ ದಿನಗಳಲ್ಲಿ ಕೂಡಿದರೆ ಗರ್ಭ ನಿಲ್ಲುವುದಿಲ್ಲ’ ಎಂಬ ಮಾತಿಗೆ ಆಮೇಲೆ ಬೇರೆ ಉತ್ತರ ಬೇಕಾಗಿಲ್ಲ.

ಕೆಟ್ಟದ್ದು ಎಲ್ಲಿ ಅಂದರೆ, ಕೆಲವರು ಇದನ್ನೇ ಗರ್ಭ ತಡೆಯುವ ಉಪಾಯವಾಗಿ ಒಯ್ದರು. 14 ಖಾಲಿ ಮನೆ ಸರಾಸರಿ. ಕೆಲವರಿಗೆ 10, ಕೆಲವರಿಗೆ 16. ಜ್ವರ, ಪ್ರಯಾಣ, ನಿದ್ದೆಗೇಡು ಬಂದರೆ ಅಂಡೋತ್ಪತ್ತಿಯೇ (ಅಂಡಾಣು ಹೊರಬರುವುದೇ) ಮುಂದಕ್ಕೆ ಹೋದೀತು. ಈಗ ಆರು ತಿಂಗಳ ಅತಿ ಚಿಕ್ಕ, ಅತಿ ಉದ್ದ ಚಕ್ರ ಎರಡನ್ನೂ ಜಾರಿಸಿ ನೋಡಿಸುತ್ತೇನೆ. 26ಕ್ಕೂ 32ಕ್ಕೂ ಇಟ್ಟರೆ ಕೆಂಪು 7ರಿಂದ 18ರವರೆಗೆ ಹರಡುತ್ತದೆ. ಗರ್ಭ ಬೇಡದವರಿಗೆ ಪಟ್ಟಿ ಮಡಚಿಟ್ಟು ಕಾಂಡೋಮ್, ಮಾತ್ರೆ, ಕಾಪರ್-ಟಿ ಮಾತು.

ಕೆಲವಕ್ಕೆ ಪಟ್ಟಿ ಬೇಕಿಲ್ಲ. ಕೂಡಿದ ಮೇಲೆ ತೊಳೆದುಕೊಂಡರೆ, ಎದ್ದು ನಿಂತರೆ ಗರ್ಭ ತಪ್ಪುವುದಿಲ್ಲ. ವೀರ್ಯಾಣು ಕೆಲವೇ ನಿಮಿಷದಲ್ಲಿ ಗರ್ಭಕೋಶದ ಬಾಯಿಯ ಲೋಳೆ ಸೇರಿರುತ್ತದೆ. ವೀರ್ಯ ಹೊರಗೆ ಹರಿದರೆ ‘ನಿಲ್ಲಲಿಲ್ಲ’ ಎಂದು ಅಳುವವರಿಗೂ ಇದೇ ಉತ್ತರ. ವೀರ್ಯ ಬರುವ ಮೊದಲೇ ಹೊರತೆಗೆಯುವ ಪದ್ಧತಿ ನಂಬಿದ ನೂರು ಜೋಡಿಗಳಲ್ಲಿ ವರ್ಷಕ್ಕೆ ಸುಮಾರು 20ಕ್ಕೆ ಗರ್ಭ ನಿಲ್ಲುತ್ತದೆ. ಹಾಲೂಡಿಸುವವರಿಗೆ ಗರ್ಭ ನಿಲ್ಲದಿರಲು ಮೂರೂ ಷರತ್ತು ಕೂಡಬೇಕು: ಮಗುವಿಗೆ ಆರು ತಿಂಗಳೊಳಗೆ, ಮುಟ್ಟು ಬಂದಿರಬಾರದು, ಹಗಲೂ ರಾತ್ರಿ ಎದೆಹಾಲು ಮಾತ್ರ. ಒಂದು ತಪ್ಪಿದರೂ ಮುಟ್ಟು ಬರುವ ಮೊದಲೇ ಗರ್ಭ ನಿಂತೀತು.

ನಡುವೆ ಬೇರೆ ಪ್ರಯೋಗಗಳೂ ಆದವು. ಜ್ವರ ನೋಡುವ ಥರ್ಮಾಮೀಟರ್ ಕೈಕೊಟ್ಟಿತು: ಅಂಡೋತ್ಪತ್ತಿಯ ನಂತರ ಮೈಬಿಸಿ ಏರುವುದು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಅಷ್ಟೇ, ಅದಕ್ಕೆ ಎರಡು ದಶಾಂಶದ್ದು ಬೇಕು. ಏರಿದ್ದು ಕಂಡಾಗ ಕೆಂಪು ದಿನಗಳು ಮುಗಿದಿರುತ್ತವೆ. ಎಲ್‌ಎಚ್ ಕಡ್ಡಿಗಳಲ್ಲಿ (ಅಂಡೋತ್ಪತ್ತಿಗೆ ಮುಂಚೆ ಏರುವ ಹಾರ್ಮೋನನ್ನು ಮೂತ್ರದಲ್ಲಿ ತೋರಿಸುವ ಕಡ್ಡಿ) ದುಡ್ಡು ಪೋಲಾಗುವುದು ತಪ್ಪು ದಿನ ಶುರುಮಾಡಿ. ಪಟ್ಟಿ ಇಟ್ಟು, ಕೆಂಪಿನ ಎರಡನೇ ಮನೆಯಿಂದ ಶುರುಮಾಡಿದರೆ ಏಳೆಂಟು ಕಡ್ಡಿ ಸಾಕು. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡೋತ್ಪತ್ತಿ ಕ್ರಮ ತಪ್ಪುವ ತೊಂದರೆ) ಇದ್ದವರಿಗೆ ಸುಳ್ಳು ಗೆರೆ ಬರಬಹುದು, ಅವರಿಗೆ ಬೇಡ. ಬರಿಗೈಯಲ್ಲಿ ಆಗುವುದು ಲೋಳೆ ನೋಡುವುದು: ಎರಡು ಬೆರಳ ನಡುವೆ ಹಸಿ ಮೊಟ್ಟೆಯ ಬಿಳಿಯಂತೆ ತುಂಡಾಗದೆ ಎಳೆ ಬಂದರೆ ಕೆಂಪು ಮನೆ ಬಂತು.

ಗರ್ಭ ಪರೀಕ್ಷೆಯ ದಿನವನ್ನು ಪಟ್ಟಿಯ ಬೆನ್ನಿಗೆ ಬರೆದೇ ಕೊಡಿ: ಮುಟ್ಟು ತಪ್ಪಿದ ಮೇಲೆ, ಬೆಳಗಿನ ಮೊದಲ ಮೂತ್ರ, ಗೆರೆ ಬಾರದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ.